ಕೊಯ್ದ ಮೇಲಿನ ಅರ್ಧ ನಿಮಿಷ

ಪಿತ್ತನಾಳವೂ ಮೇದೋಜೀರಕ ನಾಳವೂ ಸೇರಿ ಸಣ್ಣ ಕರುಳಿಗೆ ತೆರೆದುಕೊಳ್ಳುವ ಕಡೆ ಮೊಲೆತೊಟ್ಟಿನಂಥ ಒಂದು ಉಬ್ಬಿದೆ, ಪ್ಯಾಪಿಲ್ಲಾ. ಅಲ್ಲಿ ಬೆಳೆಯುವ ಅಡಿನೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲ; ಹಾಗೇ ಬಿಟ್ಟರೆ ಆಗಬಹುದು. ಹೊಟ್ಟೆ ತೆರೆದು ಮೇದೋಜೀರಕದ ತಲೆಭಾಗವನ್ನೇ ತೆಗೆಯುವ ವಿಪಲ್ ಆಪರೇಷನ್ ಇದಕ್ಕೆ ತೀರಾ ದೊಡ್ಡದು. ಹಾಗಾಗಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ತಂತಿಯ ಕುಣಿಕೆ ಬಿಗಿದು, ಕರೆಂಟ್ ಕೊಟ್ಟು ಕೊಯ್ಯುತ್ತೇವೆ.

ನಾನೊಬ್ಬನೇ ಮಾಡಿದ ಮೊದಲ ಕೇಸಿನಲ್ಲಿ ಕೊಯ್ತ ಸೊಗಸಾಗಿ ಬಂತು. ಗಡ್ಡೆ ಒಂದೇ ತುಂಡಾಗಿ ಬಿಡಿಸಿಕೊಂಡಿತು, ರಕ್ತವೂ ಹೆಚ್ಚು ಬರಲಿಲ್ಲ. ಪರದೆ ನೋಡುತ್ತಾ ನಾನೊಂದು ಕ್ಷಣ ಮೈಮರೆತೆ. ಅಷ್ಟರಲ್ಲಿ ಕರುಳು ಒಮ್ಮೆ ಹಿಂಡಿಕೊಂಡಿತು, ತುಂಡು ಕೆಳಕ್ಕೆ ಜಾರಿ ಕಣ್ಮರೆಯಾಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೋದದ್ದು ಬರೀ ಮಾಂಸದ ಚೂರಲ್ಲ. ಮೊದಲು ತೆಗೆದ ಬಯಾಪ್ಸಿ ಗಡ್ಡೆಯ ಮೇಲ್ಮೈಯ ಚಿವುಟು ಅಷ್ಟೇ. ಒಳಗೆ ಕ್ಯಾನ್ಸರ್ ಅಡಗಿತ್ತೇ, ಅಂಚು ಪೂರ್ತಿ ಬಂದಿದೆಯೇ ಎಂದು ಹೇಳಬಲ್ಲದ್ದು ಆ ಇಡೀ ತುಂಡು ಮಾತ್ರ. ಅದನ್ನು ಕಳೆದೆ ಎಂದು ರೋಗಿಗೆ ನಾನೇ ಹೇಳಬೇಕಾಯಿತು. ನಂತರದ ಪ್ರತಿ ತಪಾಸಣೆಯಲ್ಲೂ ಗಾಯದ ಜಾಗದಿಂದ ಸ್ಯಾಂಪಲ್ ತೆಗೆಯುವಾಗ ಇಬ್ಬರಿಗೂ ಅದೇ ನೆನಪು.

ಈಗ ಕುಣಿಕೆ ಬಿಗಿಯುವ ಮುಂಚೆಯೇ ಕರುಳಿನ ಚಲನೆ ನಿಲ್ಲಿಸಲು ಹಯೋಸಿನ್ ಇಂಜೆಕ್ಷನ್ ಕೊಡಿಸುತ್ತೇನೆ. ತುಂಡು ಹಿಡಿದು ತರುವ ಬಲೆ ಸಿಸ್ಟರ್ ಕೈಯಲ್ಲೇ ಇರಬೇಕು, ಟ್ರೇಯಲ್ಲಲ್ಲ. ಬಿಡಿಸಿಕೊಂಡ ಕೂಡಲೇ ತುಂಡನ್ನು ಸ್ಕೋಪಿನ ತುದಿಗೆ ಹೀರಿ ಹಿಡಿದುಕೊಳ್ಳುತ್ತೇನೆ. ರಕ್ತ ಒಸರುತ್ತಿದ್ದರೂ ಮೊದಲು ತುಂಡು ಭದ್ರವಾಗಲಿ. ಚಿಮ್ಮುತ್ತಿದ್ದರೆ ಮಾತು ಬೇರೆ.

ದೊಡ್ಡ ಕರುಳಿನ ಪಾಲಿಪ್ ತೆಗೆದು ಅಭ್ಯಾಸವಾದವರು ಇಲ್ಲೂ ಅಡಿಗೆ ಸಲೈನ್ ಚುಚ್ಚಿ ಗಡ್ಡೆ ಎತ್ತಲು ಹೋಗುತ್ತಾರೆ. ನಾನೂ ಹೋಗಿದ್ದೆ. ನಡುವೆ ಎರಡು ನಾಳಗಳು ಹಿಡಿದುಕೊಂಡಿರುವುದರಿಂದ ಸುತ್ತಲಿನ ಅಂಚು ಉಬ್ಬುತ್ತದೆ, ನಡು ಹೊಕ್ಕುಳಿನಂತೆ ಒಳಗೇ ಉಳಿಯುತ್ತದೆ. ಕುಣಿಕೆ ಕೂರುವುದೇ ಇಲ್ಲ. ಗಡ್ಡೆ ನಾಳದೊಳಗೆ ಎಷ್ಟು ದೂರ ಹೋಗಿದೆ ಎಂಬುದನ್ನೂ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಲ್ಲಿ ಮೊದಲೇ ನೋಡಿಕೊಂಡಿರಬೇಕು.

ತುಂಡು ಸಿಕ್ಕ ಮೇಲೂ ಬೆವರಿಳಿಸುವುದು ಮೇದೋಜೀರಕ ನಾಳದ ಬಾಯಿ. ಕರೆಂಟಿನಿಂದ ಬಾತುಕೊಂಡು ಅದು ಮುಚ್ಚಿದರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಉರಿಯೂತ, ಹಿಡಿಯುತ್ತದೆ. ಸುಟ್ಟ ಬಿಳಿ ಗಾಯದಲ್ಲಿ ಸೂಜಿಮೊನೆಯಷ್ಟು ಆ ರಂಧ್ರ ಹುಡುಕಿ, ಮುಚ್ಚದಂತೆ ಸ್ಟೆಂಟ್ ಎಂಬ ತೆಳು ಕೊಳವೆ ತೂರಿಸಬೇಕು. ಪಿತ್ತದ ಬಾಯಿಯಿಂದ ಹಳದಿ ರಸ ಜಿನುಗುತ್ತದೆ, ಗುರುತು ಸಿಗುತ್ತದೆ. ಮೇದೋಜೀರಕದ ಬಾಯಿ ಸಾಮಾನ್ಯವಾಗಿ ಅದರ ಕೆಳಗೆ, ಬಲಕ್ಕಿರುತ್ತದೆ. ಕೆಲವರು ಕೊಯ್ಯುವ ಮೊದಲೇ ಗುರುತಿಗೆಂದು ಆ ನಾಳಕ್ಕೆ ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿಡುತ್ತಾರೆ. ಹಿಂದೆ ಇದನ್ನು ಅತಿ ಎಚ್ಚರಿಕೆ ಎಂದು ನಕ್ಕಿದ್ದೆ. ರಂಧ್ರಕ್ಕಾಗಿ ಒಮ್ಮೆ ಅರ್ಧ ಗಂಟೆ ತಡಕಾಡಿದ ಮೇಲೆ ನಗು ನಿಂತಿತು. ಪ್ಯಾಂಕ್ರಿಯಾಟೈಟಿಸ್ ತಡೆಯಲು ಗುದದ್ವಾರದಲ್ಲಿ ಇಡುವ 100 ಮಿಲಿಗ್ರಾಂ ಇಂಡೊಮೆಥಾಸಿನ್ ಅನ್ನಂತೂ ಬಿಡುವುದಿಲ್ಲ.

ಮನೆಗೆ ಕಳಿಸುವಾಗ, ಮಲ ಡಾಂಬರಿನಂತೆ ಕಪ್ಪಾದರೆ ಆ ಗಳಿಗೆಯಲ್ಲೇ ಬನ್ನಿ ಎನ್ನುತ್ತೇನೆ. ಕೆಲವು ದಿನ ಕಳೆದ ಮೇಲೂ ಗಾಯದಿಂದ ರಕ್ತ ಸುರಿಯುವುದುಂಟು. ಸ್ಟೆಂಟ್ ತೆಗೆಸಲು ಬರುವ ದಿನವನ್ನು ಮಾತ್ರ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ. ನೋವಿಲ್ಲದವರು ಮರೆಯುತ್ತಾರೆ.