ರಿಬೋವಿಲೆಯಿಂದ ಕೈಸರ್ಸ್‌ಬೆರ್ಗ್‌ಗೆ: ದ್ರಾಕ್ಷಿ ತೋಟಗಳ ನಡುವೆ ಒಂದು ದಿನದ ನಡಿಗೆ

ಫ್ರಾನ್ಸಿನ ಪೂರ್ವದಂಚಿನ ಆಲ್ಸಾಸ್‌ನಲ್ಲಿ ವೋಜ್ ಬೆಟ್ಟಸಾಲಿನ ಬುಡದುದ್ದಕ್ಕೂ 170 ಕಿ.ಮೀ. ಉದ್ದದ ವೈನ್ ರಸ್ತೆಯಿದೆ. 1953ರಲ್ಲಿ ಗುರುತು ಮಾಡಿದ್ದು. ಬಹುಪಾಲು ಜನ ಇದನ್ನು ಕಾರಿನಲ್ಲಿ ನೋಡುತ್ತಾರೆ. ಕಾಲ್ನಡಿಗೆಗೆ ಒಗ್ಗುವುದು ಇದರ ನಡುವಿನ ಒಂದು ತುಂಡು: ರಿಬೋವಿಲೆ, ಹುನಾವೀರ್, ರಿಕ್ವೀರ್, ಕಿಂಟ್ಸೈಮ್, ಕೈಸರ್ಸ್‌ಬೆರ್ಗ್. ಒಟ್ಟು ಹೆಚ್ಚುಕಡಿಮೆ 12 ಕಿ.ಮೀ. ಬರೀ ನಡಿಗೆಗೆ ಮೂರೂವರೆ ಗಂಟೆ ಸಾಕು, ಊರುಗಳನ್ನು ನೋಡುತ್ತ ಹೋದರೆ ಪೂರ್ತಿ ದಿನ. ಊರುಗಳೆಲ್ಲ ಸುಮಾರು 250ರಿಂದ 300 ಮೀಟರ್ ಎತ್ತರದಲ್ಲಿವೆ, ನಡುವೆ ಸಣ್ಣ ಸಣ್ಣ ಏರಿಳಿತಗಳು ಮಾತ್ರ. ಇಲ್ಲಿ ದಣಿಸುವುದು ಬೆಟ್ಟವಲ್ಲ, ಊರೊಳಗಿನ ಕಲ್ಲು ಹಾಸಿದ ಬೀದಿಗಳು ಮತ್ತು ಬಿಸಿಲು.

ನಾನು ಉಳಿದುಕೊಂಡದ್ದು ಕೋಲ್ಮಾರ್‌ನಲ್ಲಿ. ಸ್ಟ್ರಾಸ್‌ಬೂರ್ಗ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬೆಳಿಗ್ಗೆ ಬಸ್ಸಿನಲ್ಲಿ ರಿಬೋವಿಲೆಗೆ ಹೋಗಿ, ಸಂಜೆ ಕೈಸರ್ಸ್‌ಬೆರ್ಗ್‌ನಿಂದ ಕೋಲ್ಮಾರ್‌ಗೆ ಬಸ್ಸು ಹಿಡಿಯುವುದು ಲೆಕ್ಕಾಚಾರ. ಬಸ್ಸುಗಳು ಫ್ಲುಓ ಗ್ರಾಂಡ್ ಎಸ್ಟ್ ಜಾಲದವು. ಭಾನುವಾರ ಮತ್ತು ರಜೆಯ ದಿನ ತೀರಾ ವಿರಳ, ಶಾಲೆ ನಡೆಯುವ ದಿನಗಳ ವೇಳಾಪಟ್ಟಿಯೇ ಬೇರೆ, ಶಾಲೆಗೆ ರಜೆಯಿದ್ದಾಗಿನದೇ ಬೇರೆ. ಆದ್ದರಿಂದ ವಾಪಸಿನ ಕೊನೇ ಬಸ್ಸಿನ ಹೊತ್ತನ್ನು ಮೊದಲು ಬರೆದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಸಮಯ ಗೊತ್ತುಮಾಡಬೇಕು. ಮೊಬೈಲಿನಲ್ಲಿ ದಾರಿ ಹುಡುಕುವವರಿಗೆ ಇನ್ನೊಂದು ತೊಡಕಿದೆ. ಸೆಲೆಸ್ಟಾ ಪಟ್ಟಣದ ಹತ್ತಿರ ಇದೇ ಉಚ್ಚಾರದ ಮತ್ತೊಂದು ಕಿಂಟ್ಸೈಮ್ ಇದೆ, ರೋಮನ್ ಲಿಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ನಕ್ಷೆಯಲ್ಲಿ ಕೈಸರ್ಸ್‌ಬೆರ್ಗ್ ಪಕ್ಕದ್ದೇ ಎಂದು ನೋಡಿಕೊಂಡು ಒತ್ತಿ.

ರಿಬೋವಿಲೆಯ ಮುಖ್ಯ ಬೀದಿ ಗ್ರಾಂಡ್ ರ್‍ಯೂ ಊರುದ್ದಕ್ಕೂ ಮೆಲ್ಲಗೆ ಮೇಲೇರುತ್ತದೆ. ನಡುವೆ ಕಟುಕರ ಗೋಪುರ, ಅದರ ಕೆಳಭಾಗ 13ನೇ ಶತಮಾನದ್ದು. ಊರ ಮೇಲೆ ಕಾಡಿನಲ್ಲಿ ಮೂರು ಪಾಳು ಕೋಟೆಗಳು ಕಾಣುತ್ತವೆ: ಸೇಂಟ್ ಉಲ್ರಿಕ್, ಗೀರ್ಸ್‌ಬೆರ್ಗ್, ಓ ರಿಬೋಪಿಯೆರ್. ನೋಡಿದ ಕೂಡಲೇ ಹತ್ತಬೇಕೆನಿಸುತ್ತದೆ, ಆದರೆ ಸೇಂಟ್ ಉಲ್ರಿಕ್‌ಗೇ ಸುಮಾರು 300 ಮೀಟರ್ ಏರು. ಅದಕ್ಕೆ ಬೇರೆ ದಿನ ಇಡಿ. ಸೆಪ್ಟೆಂಬರ್‌ನ ಮೊದಲ ಭಾನುವಾರ ಇಲ್ಲಿ ಪಿಫರ್‌ಡಾಯ್ ಎಂಬ ವಾದ್ಯಗಾರರ ಹಬ್ಬ, ಅವತ್ತು ಊರು ದಾಟುವುದೇ ಒಂದು ಕೆಲಸ.

ಹುನಾವೀರ್‌ಗೆ ಎರಡು, ಎರಡೂವರೆ ಕಿ.ಮೀ. ದಾರಿಗಳನ್ನು ಗುರುತು ಮಾಡಿ ನೋಡಿಕೊಳ್ಳುವುದು 1872ರಲ್ಲಿ ಹುಟ್ಟಿದ ಕ್ಲಬ್ ವೋಜಿಯಾನ್ ಸಂಘ. ಗುರುತುಗಳೆಂದರೆ ಆಯತ, ಶಿಲುಬೆ, ತ್ರಿಕೋನ, ಉಂಗುರ, ಬೇರೆ ಬೇರೆ ಬಣ್ಣಗಳಲ್ಲಿ. ಕಾಡಿನಲ್ಲಿ ಇವು ಮರದ ಕಾಂಡದ ಮೇಲಿರುವುದರಿಂದ ಎದ್ದು ಕಾಣುತ್ತವೆ. ತೋಟದಲ್ಲಿ ಮರವೇ ಇಲ್ಲವಲ್ಲ. ಗೋಡೆ, ಕಂಬ, ಗೂಟಗಳ ಮೇಲೆ ಹುಡುಕಬೇಕು. ಕವಲುದಾರಿಯಲ್ಲಿ ಗುರುತು ಕಾಣದಿದ್ದರೆ ಕಾಂಕ್ರೀಟ್ ಹಾಕಿದ ಟ್ರ್ಯಾಕ್ಟರ್ ದಾರಿಯನ್ನೇ ಹಿಡಿಯಿರಿ. ಸಾಲುಗಳ ನಡುವಿನ ಹುಲ್ಲುದಾರಿ ಬೇಸಾಯಗಾರನದು, ಅದು ಮುಂದೆ ಕಲ್ಲುಗೋಡೆಯ ಅಂಚಿಗೆ ಹೋಗಿ ನಿಂತುಬಿಡುವುದೇ ಹೆಚ್ಚು.

ಹುನಾವೀರ್‌ನಲ್ಲಿ ದಾರಿ ತಪ್ಪುವುದು ಕಷ್ಟ. ಚರ್ಚು ಊರಿನಿಂದ ಸ್ವಲ್ಪ ದೂರ, ದಿಬ್ಬದ ಮೇಲೆ, ದ್ರಾಕ್ಷಿಯ ನಡುವೆ ನಿಂತಿದೆ. ಸುತ್ತ ಆರು ಮೂಲೆಯ ಕೋಟೆಗೋಡೆ, ಪ್ರತಿ ಮೂಲೆಗೂ ಕೊತ್ತಳ. 1687ರಿಂದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಇದೊಂದೇ ಚರ್ಚನ್ನು ಹಂಚಿಕೊಂಡಿದ್ದಾರೆ. ಈ ಭಾಗ 1324ರಿಂದ ಫ್ರೆಂಚ್ ಕ್ರಾಂತಿಯ ಕಾಲದವರೆಗೆ ಜರ್ಮನ್ ಕಡೆಯ ವೂರ್ಟೆಂಬರ್ಗ್ ಮನೆತನದ ಕೈಯಲ್ಲಿತ್ತು. ಅವರು ಪ್ರಾಟೆಸ್ಟಂಟರಾದರು, ಮೇಲೆ ಕ್ಯಾಥೊಲಿಕ್ ದೊರೆ 14ನೇ ಲೂಯಿಯ ಫ್ರಾನ್ಸ್ ಬಂದು ಕೂತಿತು. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಕೂತು ನೋಡಬೇಕಾದ ಜಾಗ ಇದೇ, ರಿಕ್ವೀರ್ ಅಲ್ಲ.

ಮುಂದಿನ ಎರಡು ಕಿ.ಮೀ.ಗೆ ಮಣ್ಣು ಗಮನಿಸಿ. ರಿಕ್ವೀರ್‌ನ ಉತ್ತರಕ್ಕಿರುವ ಶೋನೆನ್‌ಬೂರ್ಗ್ ಇಳಿಜಾರು ಸುಣ್ಣ ಬೆರೆತ ಜೇಡಿ. ರೀಸ್ಲಿಂಗ್ ದ್ರಾಕ್ಷಿಗೆ ಅದು ಭಾಗ್ಯ, ಬೂಟಿಗೆ ಶಾಪ. ಮಳೆ ಬಂದು ಒಂದು ದಿನವೂ ಆಗಿಲ್ಲವೆಂದರೆ ಮೇಲಿನ ಮಣ್ಣುದಾರಿ ಬಿಟ್ಟು ಕೆಳಗಿನ ಕಾಂಕ್ರೀಟ್ ದಾರಿಯಲ್ಲಿ ಹೋಗುವುದೇ ಸರಿ. ಕೈಸರ್ಸ್‌ಬೆರ್ಗ್ ಹತ್ತಿರದ ಶ್ಲಾಸ್‌ಬೆರ್ಗ್ ಗ್ರಾನೈಟ್ ಮರಳು. ಅಲ್ಲಿ ನೀರು ಬೇಗ ಇಂಗುತ್ತದೆ, ಅಷ್ಟು ಅಂಟುವುದಿಲ್ಲ. ಪುಣ್ಯಕ್ಕೆ ಮಳೆಯೇ ಕಡಿಮೆ. ಪಶ್ಚಿಮದ ಮೋಡವನ್ನೆಲ್ಲ ವೋಜ್ ಬೆಟ್ಟ ತಡೆಯುವುದರಿಂದ ಕೋಲ್ಮಾರ್ ಸುತ್ತು ಫ್ರಾನ್ಸಿನ ಅತಿ ಒಣ ಪ್ರದೇಶಗಳಲ್ಲೊಂದು.

ಹಾಗೆಂದೇ ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಕಷ್ಟ. ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರದ ನೆರಳು ನೆನೆಸಿಕೊಂಡು ಹೋಗಬೇಡಿ. ಇಲ್ಲಿ ಬಳ್ಳಿಯನ್ನು ತಂತಿಗೆ ಕಟ್ಟಿ ಆಳೆತ್ತರದ ಸಾಲು ಮಾಡುತ್ತಾರೆ, ನೆತ್ತಿಯ ಮೇಲೆ ಏನೂ ಇರುವುದಿಲ್ಲ. ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ನೀರು, ಅಗಲ ಅಂಚಿನ ಟೋಪಿ. ಊರೂರಿನ ಕಾರಂಜಿಯಲ್ಲಿ ‘ನಾನ್ ಪೊತಾಬ್ಲ್’ ಎಂಬ ಹಲಗೆಯಿದ್ದರೆ ಆ ನೀರು ಕುಡಿಯುವಂಥದ್ದಲ್ಲ. ನನ್ನ ಆಯ್ಕೆ ಮೇ ತಿಂಗಳು ಅಥವಾ ಅಕ್ಟೋಬರ್ ಕೊನೆ. ಹಣ್ಣಾಗುವ ಮತ್ತು ಕೊಯ್ಲಿನ ಕಾಲದಲ್ಲಿ ಕೆಲವು ತೋಟದ ದಾರಿಗಳನ್ನು ಮುಚ್ಚುತ್ತಾರೆ, ಹಲಗೆ ಕಂಡರೆ ಸುತ್ತುಹಾಕಿ ಹೋಗಬೇಕು. ಬೇಸಿಗೆಯ ಮೊದಲಲ್ಲಿ ಔಷಧಿ ಹೊಡೆಯುತ್ತಿರುತ್ತಾರೆ. ಟ್ರ್ಯಾಕ್ಟರ್ ಕಂಡರೆ ಗಾಳಿ ಬರುವ ಕಡೆಗೆ ಸರಿದು ನಿಲ್ಲಿ. ಕಾಯಿ ಕಿತ್ತು ಬಾಯಿಗೆ ಹಾಕುವುದಂತೂ ಬೇಡವೇ ಬೇಡ.

ರಿಕ್ವೀರ್ ಚೆಂದದ ಊರು, ಆದರೆ ಮಧ್ಯಾಹ್ನದ ಹೊತ್ತಿಗೆ ಟೂರಿಸ್ಟ್ ಬಸ್ಸುಗಳ ಜನವೆಲ್ಲ ಒಂದೇ ಬೀದಿಯಲ್ಲಿ. ಹನ್ನೊಂದಕ್ಕೆ ಮುಂಚೆ ತಲುಪಿದರೆ 1291ರ ಡೋಲ್ಡರ್ ಗೋಪುರವನ್ನು ಕತ್ತೆತ್ತಿ ನೋಡಲು ಜಾಗ ಸಿಗುತ್ತದೆ. ಜನ ಹೆಚ್ಚಾದರೆ ಪಕ್ಕದ ಗಲ್ಲಿಗಳಿಗೆ ಹೊರಳಿ. ಮರದ ಚೌಕಟ್ಟಿನ ಹಳೇ ಮನೆಗಳು ಅಲ್ಲೂ ಇವೆ.

ಊಟ ಹನ್ನೆರಡರಿಂದ ಎರಡರೊಳಗೆ. ಎರಡಾದ ಮೇಲೆ ಅಡುಗೆಮನೆ ಮುಚ್ಚಿದರೆ ಸಂಜೆಯೇ ತೆರೆಯುವುದು. ಫ್ಲಾಮೆಕೂಚೆ ಎಂಬ ತೆಳು ರೊಟ್ಟಿಯಂಥ ತಿಂಡಿ ಎಲ್ಲೆಡೆ ಸಿಗುತ್ತದೆ, ಮೇಲೆ ಕೆನೆ, ಈರುಳ್ಳಿ, ಜೊತೆಗೆ ಹಂದಿಮಾಂಸದ ಚೂರು. ಸಸ್ಯಾಹಾರಿಗಳು ‘ಸಾಂ ಲಾರ್ದೋಂ’ ಎಂದರೆ ಮಾಂಸ ಬಿಟ್ಟು ಮಾಡಿಕೊಡುತ್ತಾರೆ. ಬರೀ ‘ಅಣಬೆಯದ್ದು’ ಎಂದು ಕೇಳಿದರೆ ಸಾಲದು, ಅದರಲ್ಲೂ ಚೂರು ಇರುತ್ತದೆ.

ರಿಕ್ವೀರ್‌ನಿಂದ ಕಿಂಟ್ಸೈಮ್‌ಗೆ ನಾಲ್ಕು ಕಿ.ಮೀ. ದಾಟುತ್ತದೆ, ದಿನದ ಉದ್ದನೆಯ ತುಂಡು, ನಡುವೆ ಅಂಗಡಿಯಿಲ್ಲ. ಎಡಕ್ಕೆ ಕೆಳಗೆ ಕಾಣುವ ಬೆನ್‌ವೀರ್, ಮಿಟ್ಟೆಲ್‌ವೀರ್‌ಗಳಲ್ಲಿ ಹಳೇ ಮನೆಗಳು ಇಲ್ಲದಿರುವುದಕ್ಕೆ ಕಾರಣ 1944ರ ಡಿಸೆಂಬರ್‌ನ ಯುದ್ಧ. ಊರುಗಳನ್ನು ಹೊಸದಾಗಿ ಕಟ್ಟಿದ್ದಾರೆ. ಕಿಂಟ್ಸೈಮ್‌ನಿಂದ ಎರಡು ಕಿ.ಮೀ. ಸಪಾಟು ದಾರಿ ಕೈಸರ್ಸ್‌ಬೆರ್ಗ್‌ಗೆ. ಬಲಕ್ಕೆ ಶ್ಲಾಸ್‌ಬೆರ್ಗ್‌ನ ಮೆಟ್ಟಿಲು ತೋಟಗಳು, 1975ರಲ್ಲಿ ಆಲ್ಸಾಸ್‌ನ ಮೊದಲ ಗ್ರಾಂಡ್ ಕ್ರೂ, ಅಂದರೆ ಮೇಲ್ದರ್ಜೆಯದೆಂದು ಅಧಿಕೃತವಾಗಿ ಗುರುತಾದ ತೋಟ, ಆದದ್ದು ಇದೇ.

ಕೈಸರ್ಸ್‌ಬೆರ್ಗ್‌ನಲ್ಲಿ ವೈಸ್ ಹೊಳೆಯ ಮೇಲೆ 1514ರ ಕೋಟೆಸೇತುವೆ; ಆಫ್ರಿಕದಲ್ಲಿ ಆಸ್ಪತ್ರೆ ಕಟ್ಟಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯ ಅಲ್ಬರ್ಟ್ ಶ್ವೈಟ್ಸರ್ 1875ರಲ್ಲಿ ಹುಟ್ಟಿದ ಊರೂ ಇದೇ. ಕಾಲಿಗೆ ಇನ್ನೂ ಶಕ್ತಿಯಿದ್ದರೆ ದುಂಡು ಬುರುಜಿನ ಪಾಳು ಕೋಟೆಗೆ ಹತ್ತು ನಿಮಿಷದ ಏರು. ಸೂರ್ಯ ಬೆಟ್ಟದ ಹಿಂದೆ ಇಳಿಯುವುದರಿಂದ ಊರಿಗೆ ನೆರಳು ಬೇಗ ಬೀಳುತ್ತದೆ, ಫೋಟೊ ಬೇಕಿದ್ದವರು ಮೊದಲು ಇಲ್ಲಿಗೆ ಹತ್ತಲಿ. ವೈನ್ ಕೊಳ್ಳುವುದಿದ್ದರೆ ಇಲ್ಲೇ, ಬಸ್ಸಿಗೆ ಮುಂಚೆ. ತುಂಬಿದ 750 ಮಿ.ಲೀ. ಬಾಟಲಿ ಒಂದೂಕಾಲು ಕಿಲೋ ತೂಗುತ್ತದೆ, ಬುರುಗಿನ ವೈನ್ ಕ್ರೆಮಾಂಟ್‌ನದು ಇನ್ನೂ ಭಾರ. ಬೆಳಿಗ್ಗೆ ರಿಬೋವಿಲೆಯಲ್ಲೇ ಎರಡು ಕೊಂಡರೆ ಹೆಗಲಿಗೆ ಅದೇ ಶಿಕ್ಷೆ.