ರಿಜೆಕ್ಷನ್ ಚೀಲದಲ್ಲಿ ಸಿಕ್ಕ ಲೆಕ್ಕದಾಕೆ

ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುವವರಿಗೆ ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಬಗ್ಗೆ ಹೇಳಬೇಕಾಗಿಲ್ಲ. ಕಪ್ಪು ಕಾಳಿಗೆ ಗಾಳಿ ಊದುವಾಗ ಪಕ್ಕದ ಒಳ್ಳೆಯ ಬೇಳೆಯನ್ನೂ ಹಾರಿಸುತ್ತದೆ. ಅದಕ್ಕೇ ಹೀಗೆ ಹೊರಬಿದ್ದ ರಿಜೆಕ್ಷನ್ ಮಾಲನ್ನು ಇನ್ನೊಮ್ಮೆ ಹಾಯಿಸುತ್ತೇವೆ. ನೌಕರರನ್ನು ಆರಿಸುವಾಗಲೂ ಹಾಗೇ ಮಾಡಬೇಕೆಂದು ಕಲಿಯಲು ನನಗೆ ಸುಮಾರು 70,000 ರೂಪಾಯಿ ಬಿತ್ತು.

ಲಾರಿ ತೂಗುವ ವೇಬ್ರಿಡ್ಜ್ ಮತ್ತು ಲೆಕ್ಕ ನೋಡಲು ಒಬ್ಬರು ಬೇಕಿತ್ತು. ಇನ್ನೂರರ ಮೇಲೆ ಅರ್ಜಿ ಬಂದವು. ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದಕ್ಕೆ 18,000ದಷ್ಟು ಕಟ್ಟಿ, ಅದು ಮೊದಲಿಗಿಟ್ಟವನನ್ನು ಕಣ್ಣುಮುಚ್ಚಿ ತೆಗೆದುಕೊಂಡೆ. ಹೊಟ್ಟಿನ ಧೂಳು ಕಂಡು ಮೂರನೇ ವಾರಕ್ಕೆ ಹೋದ. ಎರಡನೆಯವನು ನಿಂತ; ತೂಕದ ಚೀಟಿ ಅದಲುಬದಲು ಮಾಡಿ 50,000 ಮುಳುಗಿಸಿದ. “ಮುಖ ನೋಡಿ ಆಳು ಇಡಬೇಕು, ಮಾವ” ಎಂದು ಪಾಲುದಾರನಾದ ಅಳಿಯ ನಕ್ಕ. ಅವನು ಮುಖ ನೋಡಿ ಇಟ್ಟವನು ಜನರೇಟರಿನ ಡೀಸೆಲ್ ಮಾರಿಕೊಂಡದ್ದು ಅವನಿಗೆ ಮರೆತಿತ್ತು.

ಆ ತಂತ್ರಾಂಶಕ್ಕೆ ಒಂದೇ ಅರ್ಜಿಯನ್ನು ಊರು ಬದಲಿಸಿ ಎರಡು ಸಲ ಹಾಕಿ ನೋಡಿದೆ. ಬೆಂಗಳೂರಿಗೆ ಎಪ್ಪತ್ತರ ಮೇಲೆ ಅಂಕ, ಚಿತ್ತಾಪುರಕ್ಕೆ ಅರವತ್ತರ ಒಳಗೆ. ಅಮೆಜಾನ್‌ನಂಥ ಕಂಪನಿಯೇ ಹೆಣ್ಣುಮಕ್ಕಳ ಅರ್ಜಿಗಳನ್ನು ಕೆಳಗೆ ತಳ್ಳುತ್ತಿದ್ದ ಇಂಥದ್ದೊಂದನ್ನು ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಗಿತ್ತು. ನಾನು ಓದಿದ್ದು ಹಣ ಕಟ್ಟಿದ ಮೇಲೆ. ಅಭ್ಯರ್ಥಿಗಳ ಮಾತನ್ನು ಧ್ವನಿಮುದ್ರಿಸಿಯೂ ಕೊಟ್ಟೆ. ನಮ್ಮ ಕಡೆಯ ಕನ್ನಡವನ್ನು ಅದು ಬರೆದುಕೊಂಡ ಚಂದಕ್ಕೆ ಹಮಾಲರೂ ನಕ್ಕರು. ಧ್ವನಿ ಕೊಡುವುದನ್ನು ಬಿಟ್ಟೆ.

ಈಗ ಹೆಸರು, ಊರು, ಕಾಲೇಜು ಅಳಿಸಿಯೇ ತಂತ್ರಾಂಶಕ್ಕೆ ಅರ್ಜಿ ಹಾಕುತ್ತೇನೆ. ಅದು ತೀರಾ ಕೆಳಗಿಟ್ಟ ಇಪ್ಪತ್ತೈದನ್ನು ಮೊದಲು ನಾನೇ ಓದಿ, ಫೋನ್ ಮಾಡುತ್ತೇನೆ. ಹಾಗೆ ಸಿಕ್ಕವರು ಈಗಿನ ಅಕ್ಕನವರು. ನಾಲ್ಕು ವರ್ಷ ನೌಕರಿ ಇಲ್ಲವೆಂದು 31 ಅಂಕ ಬಿದ್ದಿತ್ತು. ಆ ನಾಲ್ಕೂ ವರ್ಷ ಮಾವನವರ ಕಿರಾಣಿ ಅಂಗಡಿಯ ಉದ್ರಿ ಖಾತೆ ಅವರ ಕೈಯಲ್ಲೇ ಇತ್ತಂತೆ. ಅದನ್ನು ನೌಕರಿ ಎಂದು ಬರೆಯಲು ಅವರಿಗೆ ತೋಚಿರಲಿಲ್ಲ.

ಬಂದಾಗ ಒಂದು ತೂಕದ ಚೀಟಿ ಮುಂದಿಟ್ಟೆ: ತುಂಬಿದ ಲಾರಿ 24,860 ಕೆಜಿ, ಖಾಲಿ 9,420, ನಿವ್ವಳ 15,940. ಪೆನ್ನು ಕೂಡ ಕೇಳಲಿಲ್ಲ. “ಸಾಹುಕಾರರೇ, ಈ ಐದು ಕ್ವಿಂಟಲ್ ಎಲ್ಲಿಂದ ಬಂತು?” ಎಂದರು. ಹದಿನಾಲ್ಕು ತಿಂಗಳಾಯಿತು, ಒಂದು ಚೀಟಿಯೂ ತಪ್ಪಿಲ್ಲ. ಅಳಿಯ ಈಗ ತನ್ನ ಗೋದಾಮಿಗೂ ನನ್ನ ಕೈಯಿಂದಲೇ ಆಳು ಆರಿಸಿಕೊಳ್ಳುತ್ತಾನೆ.

ಚೀಟಿಯಾದ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದಿದೆ. ಅದನ್ನು ಹೇಳುವುದಿಲ್ಲ. ಸುಗ್ಗಿಗೆ ಮುಂಚೆ ಇಬ್ಬರನ್ನು ತೆಗೆದುಕೊಳ್ಳಬೇಕಿದೆ, ಅರ್ಜಿ ಹಾಕುವವರೂ ಇದನ್ನು ಓದುತ್ತಾರೆ. ಚೀಟಿಯನ್ನಂತೂ ಬದಲಿಸಲೇಬೇಕು.