ಮೆಕ್ಸಿಕೋ ಸಿಟಿಗೆ ಹೊಸಬರೇ? ಮೊದಲು ‘ಪೊಂಗಾಲೆ’ ಕಲಿಯಿರಿ

ಮೆಕ್ಸಿಕೋ ಸಿಟಿಯಲ್ಲಿ ಕೆಸದೀಯಾ (ಒಳಗೆ ಏನಾದರೂ ತುಂಬಿ ಮಡಚಿದ ರೊಟ್ಟಿ) ಕೇಳಿದರೆ ಅದರಲ್ಲಿ ಚೀಸ್ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ಇಲ್ಲಿ ಕೇಳಿ ಹಾಕಿಸಿಕೊಳ್ಳಬೇಕು. ಈ ವಿಷಯಕ್ಕೆ ಬೇರೆ ಊರಿನ ಮೆಕ್ಸಿಕನ್ನರು ರಾಜಧಾನಿಯವರ ಕಾಲೆಳೆಯುತ್ತಲೇ ಇರುತ್ತಾರೆ, ನಾವು ಮಧ್ಯೆ ಹೋಗೋದು ಬೇಡ. ನಮಗೆ ಬೇಕಾದದ್ದು ಅಲ್ಲಿನ ಸ್ಪ್ಯಾನಿಷ್ ಭಾಷೆಯ ಎರಡೇ ಮಾತು. ‘ಪೊಂಗಾಲೆ ಕೆಸೊ’ ಅಂದರೆ ಇದಕ್ಕೆ ಚೀಸ್ ಹಾಕಿ. ‘ನೊ ಲೆ ಪೊಂಗಾ ಕಾರ್ನೆ’ ಅಂದರೆ ಇದಕ್ಕೆ ಮಾಂಸ ಹಾಕಬೇಡಿ. ಸಸ್ಯಾಹಾರಿಗಳಿಗೆ ಎರಡನೆಯದು ಬಾಯಿಪಾಠ ಆಗಿರಲಿ.

‘ಇದಕ್ಕೆ’, ‘ಅವರಿಗೆ’ ಅನ್ನುವ ಆ ‘ಲೆ’ ಎಲ್ಲಿ ಕೂತಿದೆ ನೋಡಿ. ಹಾಕಿ ಅನ್ನುವಾಗ ಕ್ರಿಯಾಪದದ ಬಾಲಕ್ಕೆ ಅಂಟಿ ಒಂದೇ ಪದ ಆಗಿದೆ. ಬೇಡ ಅಂದ ತಕ್ಷಣ ಬಿಡಿಸಿಕೊಂಡು ಮುಂದೆ ಬಂದಿದೆ. ನನಗೆ, ಅದನ್ನು, ಅವರಿಗೆ ಅನ್ನುವ ಪುಟ್ಟ ಪದಗಳೆಲ್ಲ ಹೀಗೇ. ಕನ್ನಡದಲ್ಲಿ ‘ನನಗೆ ಕೊಡಿ’, ‘ನನಗೆ ಕೊಡಬೇಡಿ’ ಎರಡರಲ್ಲೂ ‘ನನಗೆ’ ಮುಂದೇ ಇರುತ್ತದೆ ಅಲ್ವಾ, ಅದಕ್ಕೇ ನಮ್ಮ ಬಾಯಿಗೆ ‘ಮೆ ದೆ’ ಅಂತಲೇ ಬರುತ್ತದೆ. ಸರಿಯಾದದ್ದು ‘ದೆಮೆ’.

ಎರಡು ಪದ ಒಟ್ಟಿಗೆ ಬಂದರೆ ಮೊದಲು ಯಾರಿಗೆ, ಆಮೇಲೆ ಏನನ್ನು. ‘ಪೊಂಗಾಮೆಲೊ ಪಾರಾ ಯೆಬಾರ್’ ಅಂದರೆ ನನಗೆ ಅದನ್ನು ಪಾರ್ಸೆಲ್ ಕೊಡಿ. ಆದರೆ ‘ಲೆ’ ಪಕ್ಕದಲ್ಲಿ ‘ಅದನ್ನು’ ಅನ್ನುವ ‘ಲೊ’ ಬರುವ ಹಾಗಿಲ್ಲ, ಆಗ ‘ಲೆ’ ಹೋಗಿ ‘ಸೆ’ ಆಗುತ್ತದೆ. ‘ದೆಸೆಲೊ’, ಅವರಿಗೆ ಅದನ್ನು ಕೊಡಿ. ‘ದೆಲೆಲೊ’ ಅಲ್ಲ.

ಬಾಲ ಎಷ್ಟೇ ಉದ್ದವಾದರೂ ಒತ್ತು ಮೊದಲಿದ್ದ ಜಾಗದಲ್ಲೇ ಇರಬೇಕು. ‘ಪೊಂಗಾ’ದಲ್ಲಿ ‘ಪೊಂ’ ಮೇಲೆ ಇದ್ದರೆ ‘ಪೊಂಗಾಮೆಲೊ’ದಲ್ಲೂ ಅಲ್ಲೇ. ಬರೆಯುವಾಗ ಆ ಸ್ವರದ ಮೇಲೆ ಪುಟ್ಟ ಗೀಟು ಬೀಳುವುದೂ ಇದಕ್ಕೇ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಮಾತಾಡುತ್ತೇವೆ. ಎದುರಿನವರು ಮುಖ ಮುಖ ನೋಡೋದು ಹೆಚ್ಚಾಗಿ ಇದಕ್ಕೆ, ವ್ಯಾಕರಣಕ್ಕಲ್ಲ.

ಇವೆಲ್ಲ ಗೌರವದ ರೂಪಗಳು, ನಮ್ಮ ‘ಕೊಡಿ’, ‘ಹಾಕಿ’ ಇದ್ದ ಹಾಗೆ. ಗೆಳೆಯರ ಹತ್ತಿರ ‘ದಾಮೆ’, ‘ಪೊನ್‌ಲೆ’ ನಡೆಯುತ್ತದೆ. ಅಂಗಡಿಯಲ್ಲಿ ಇನ್ನೂ ಮೆತ್ತಗೆ ಕೇಳಬೇಕಾ? ಆಜ್ಞೆ ಬಿಟ್ಟು ಪ್ರಶ್ನೆ ಮಾಡಿ: ‘ಮೆ ದಾ ಉನಾ ಕೆಸದೀಯಾ?’, ನನಗೊಂದು ಕೆಸದೀಯಾ ಕೊಡ್ತೀರಾ? ಇದು ಆಜ್ಞೆ ಅಲ್ಲವಾದ್ದರಿಂದ ಇಲ್ಲಿ ‘ಮೆ’ ಮುಂದೆ ಬರುವುದೇ ಸರಿ. ನನ್ನ ಕೇಳಿದರೆ ಹೊಸಬರಿಗೆ ಇದೇ ಕ್ಷೇಮ.

ಬೀದಿ ಸಂತೆಯಲ್ಲಿ ‘ಪಾಸೆಲೆ, ಪಾಸೆಲೆ!’ ಅಂತ ಕೂಗುತ್ತಿರುತ್ತಾರೆ. ಬನ್ನಿ ಬನ್ನಿ ಅಂತ. ಅಲ್ಲಿರುವ ‘ಲೆ’ಗೆ ‘ಅವರಿಗೆ’ ಅಂತೇನೂ ಅರ್ಥ ಇಲ್ಲ, ಸುಮ್ನೆ ಹುರುಪಿಗೆ ಸೇರಿಸುವುದು. ಬೇಗ ಬೇಗ ಅನ್ನುವ ‘ಕೊರ್ರೆಲೆ’ಯಲ್ಲೂ ಅಷ್ಟೇ.